ಹಳೆಯ ಕರ್ನಲ್ ಆರಿಸಿದ ಬೆರಳು

ನನ್ನ ಹೆಜ್ಜೆಯ ಸದ್ದು ಕೇಳಿದರೆ ಮೂರು ಬೀದಿಯಾಚೆಯ ಸತ್ತ ಕಂಪ್ಯೂಟರುಗಳೂ ಎದ್ದು ಕೂರುತ್ತವೆ. ಅಕ್ಕ ಒಬ್ಬಳು ಮಾತ್ರ ಇದನ್ನು ನಂಬುವುದಿಲ್ಲ.

ಭಾವ ತೀರಿಕೊಂಡ ಮೇಲೆ ಅವಳ ಹೊಟ್ಟೆಪಾಡೆಲ್ಲ ಒಂದು ಕಸೂತಿ ಯಂತ್ರದ ಮೇಲೆ ನಿಂತಿತ್ತು. ಅದನ್ನು ಓಡಿಸುವ ಕಂಪ್ಯೂಟರಿಗೆ ಹೊಸ ಕರ್ನಲ್, ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶದ ತಿರುಳು, ಹಾಕಿಕೊಟ್ಟವನು ನಾನೇ. ಅಂದಿನಿಂದ ಅದು ಕಸೂತಿ ಯಂತ್ರದ ಗುರುತನ್ನೇ ಹಿಡಿಯಲಿಲ್ಲ. ಭಾವ ಬಳಸುತ್ತಿದ್ದ ಹಳೆಯ ಕರ್ನಲ್ ಒಳಗೇ ಇತ್ತು. ಕಂಪ್ಯೂಟರ್ ಶುರುವಾಗುವಾಗ ತೋರುವ ಪಟ್ಟಿಯಲ್ಲಿ, ಬಾಣದ ಗುಂಡಿ ಒತ್ತಿ ಅದನ್ನು ಆರಿಸಬೇಕಿತ್ತು.

“ಇವತ್ತೂ ಓಡ್ಲಿಲ್ಲ ಅಂದ್ರೆ ಅಂಗಡಿ ಮುಚ್ಚೋದೇ,” ಎಂದಳು ಅಕ್ಕ.

ಸುಡುವ ಮಧ್ಯಾಹ್ನ. ಸ್ವಿಚ್ ಹಾಕಿದೆ, ಪಟ್ಟಿ ಬಂತು. ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಕಂಪ್ಯೂಟರಿನ ಮುಂದಿದ್ದ ಭಾವನ ಖಾಲಿ ಕುರ್ಚಿ, ಯಾರೋ ಕೂತಂತೆ, ಕಿರ್ರೆಂದಿತು. ಪರದೆಯ ಬಿಳಿ ಪಟ್ಟೆ ಒಂದೊಂದೇ ಸಾಲು ಇಳಿದು ಹಳೆಯ ಕರ್ನಲ್ ಮೇಲೆ ನಿಂತಿತು. ಟಕ್ ಎಂಬ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಸೂತಿಯ ಸೂಜಿ ಅಲುಗಿತು.

“ನೋಡಿದ್ಯಾ ಅಕ್ಕಾ, ಕಣ್ಣು ಮುಚ್ಕೊಂಡೇ ಆರಿಸ್ದೆ,” ಎಂದೆ.

“ಯಾವ ಬೆರಳಲ್ಲಿ ಒತ್ತಿದ್ಯೋ, ಬಡಾಯಿಕೋರ?”

“ಈ ತೋರುಬೆರಳಲ್ಲೇ.”

“ಕೀಬೋರ್ಡು ನನ್ನ ತೊಡೆ ಮೇಲಿದೆ ಕಣೋ. ಧೂಳು ಒರೆಸೋಣ ಅಂತ ಆಗ್ಲೇ ಕಿತ್ಕೊಂಡು ಬಂದೆ.”

ಅದರ ವೈರು ಅವಳ ಕಾಲ ಬಳಿ ಜೋತಾಡುತ್ತಿತ್ತು. ಅಕ್ಕ ಎದ್ದು ಬಂದು ಕುರ್ಚಿಯ ಮೇಲೆ ಕೈಯಿಟ್ಟಳು.

“ಬೆಚ್ಚಗಿದೆ. ನೀನು ಕೂತಿದ್ಯಾ?”

“ಇಲ್ಲಕ್ಕಾ,” ಎಂದೆ. “ನಾನು ಕೂತೂ ಇಲ್ಲ, ಒತ್ತೂ ಇಲ್ಲ.”