ಅಶ್ಮಿತಾ ಟೀಚರ್ ಕೊರಳಿನ ಮೈಕ್

"ಟೀಚರ್, ಇಷ್ಟು ಹೊತ್ತು ಪಾಠ ಮಾಡಿದ್ರಿ. ಈ ಹುಡುಗಿಗೆ ಒಂದಕ್ಷರ ಕೇಳ್ಲಿಲ್ಲ. ಮೈಕ್ ಆಫ್ ಉಂಟು!"

ಇಡೀ ಕ್ಲಾಸಿನ ಎದುರು ಹೀಗೆಂದವನು ಕೌಶಲ್. ಮಕ್ಕಳ ಶ್ರವಣಯಂತ್ರ ಸರಿಮಾಡಲು ಪ್ರತಿ ಮಂಗಳವಾರ ಠಾಣೆಯ ಕೋಪರಿಯ ಆ ಶಾಲೆಗೆ ಬರುವವನು. ಅಶ್ಮಿತಾಳ ಕೊರಳಿನ ಪುಟ್ಟ ಮೈಕ್‌ನಿಂದ ಅವಳ ದನಿ ನೇರ ಆ ಹುಡುಗಿ ರಮಿತಾಳ ಕಿವಿಯ ಯಂತ್ರಕ್ಕೆ ಹೋಗಬೇಕು.

ಅಶ್ಮಿತಾ ಕೆಂಪಾದಳು. ಡೊಂಬಿವಲಿಯಿಂದ ಬೆಳಗಿನ ಕಿಕ್ಕಿರಿದ ಲೋಕಲ್ ರೈಲು ಹತ್ತಿದವರ ಒಂದು ಕಾಲು ಮೊದಲು ಠಾಣೆ ತಲುಪುತ್ತದೆ, ಇನ್ನೊಂದು ಹಿಂದಿನ ಗಾಡಿಯಲ್ಲಿ ಬರುತ್ತದೆ. ಸುಳ್ಳಲ್ಲ. ಅದನ್ನು ಕಾಯುತ್ತಾ ನಿಂತವಳಿಗೆ ಮೈಕಿನ ನೆನಪೆಲ್ಲಿಂದ ಬರಬೇಕು?

ಆಮೇಲಿನ ಮಂಗಳವಾರಗಳಲ್ಲಿ ಅವನೇ ಮೈಕ್ ಆನ್ ಮಾಡಿ ಕೊಡುತ್ತಿದ್ದ. ಜೊತೆಗೊಂದು ಶುಂಠಿ ಮಿಠಾಯಿ.

"ಗಂಟಲಿಗೆ."

ಅಷ್ಟೇ ಮಾತು. ಅವಳು ಮಂಗಳವಾರಕ್ಕೆ ಕಾಯತೊಡಗಿದಳು.

ಒಂದು ದಿನ ಹೆಡ್‌ಮೇಡಂ ಗದರಿದರು. "ಮೈಕ್ ಹಾಕೋದೇ ಮರೀತೀರಂತೆ? ಕಂಪ್ಲೇಂಟ್ ಬಂದಿದೆ!"

'ಅವನೇ! ಇನ್ಯಾರು?'

"ಇನ್ನು ನೀವು ಬರ್ಬೇಡಿ. ಬೇರೆಯವರನ್ನ ಕಳಿಸಿ," ಎಂದು ಕೌಶಲ್‌ಗೆ ಹೇಳಿಬಿಟ್ಟಳು ಅಶ್ಮಿತಾ.

"ಆಯ್ತು," ಎಂದ. ಒಂದು ಜಗಳವನ್ನಾದರೂ ಆಡಬಾರದಿತ್ತೇ ಪುಣ್ಯಾತ್ಮ!

ಇವತ್ತು ಅವನ ಕೊನೆಯ ಮಂಗಳವಾರ. ಬೆಳಿಗ್ಗೆ ಎಂದಿನಂತೆ ಮೈಕ್ ಆನ್ ಮಾಡಿ ಕೊಟ್ಟಿದ್ದ. ಊಟದ ಬಿಡುವಿನಲ್ಲಿ, ಕ್ಲಾಸಿನಲ್ಲಿ ಕುಳಿತು ರಮಿತಾಳ ಒಂದು ಕಿವಿಯ ಯಂತ್ರ ಪರೀಕ್ಷಿಸುತ್ತಿದ್ದ. ಗೋಡೆಯಾಚೆ ಸ್ಟಾಫ್‌ರೂಮಿನಲ್ಲಿ ಹಿರಿಯ ಟೀಚರೊಬ್ಬರ ಪಕ್ಕ ಅಶ್ಮಿತಾ ಡಬ್ಬಿ ತೆರೆಯದೆ ಕುಳಿತಿದ್ದಳು.

"ಸುಸ್ತಾಗಿದೆ ಜಯಲತಕ್ಕಾ... ಅವರು ಯಾಕೆ ಕಂಪ್ಲೇಂಟ್ ಮಾಡ್ಬೇಕಿತ್ತು?"

"ಅವನಾ? ಕಂಪ್ಲೇಂಟ್ ಮಾಡಿದ್ದು ರಮಿತಾಳ ಅಮ್ಮ ಮಾರಾಯ್ತಿ! ಅವನು ಹೆಡ್‌ಮೇಡಂ ಹತ್ರ ನಿನ್ನ ಪರ ವಾದ ಮಾಡಿದ."

ಅಶ್ಮಿತಾಳ ಕಣ್ಣು ತುಂಬಿತು.

"ಅಯ್ಯೋ... ವಾರವಿಡೀ ನಾನು ಕಾಲೆಳ್ಕೊಂಡು ಬರೋದೇ ಆ ಮಂಗಳವಾರಕ್ಕೆ ಅಕ್ಕಾ! ಅವರಿಲ್ಲದೆ ನನ್ನಿಂದ ಆಗ್ಲಿಕ್ಕಿಲ್ಲ..."

ಬಾಗಿಲಲ್ಲಿ ಕೌಶಲ್ ನಿಂತಿದ್ದ. ಪರೀಕ್ಷಿಸಲೆಂದು ಹಾಕಿಕೊಂಡ ರಮಿತಾಳ ಯಂತ್ರ ಇನ್ನೂ ಅವನ ಕಿವಿಯಲ್ಲೇ ಇತ್ತು.

"ಟೀಚರ್, ಮೈಕ್ ಆನ್ ಉಂಟು."

ಅವಳ ಕೈ ಕೊರಳಿಗೆ ಹೋಯಿತು. ಹಸಿರು ದೀಪ!

"ಯಾವಾಗಿಂದ ಕೇಳ್ತಿದ್ರಿ...?"

"ಸುಸ್ತಾಗಿದೆ ಅಂದ್ರಲ್ಲ, ಅಲ್ಲಿಂದ."

"ಆಗ್ಲೇ ಹೇಳ್ಬಾರ್ದಿತ್ತಾ!"

"ಟೆಸ್ಟಿಂಗ್ ಮಾಡ್ತಿದ್ದೆ ಮಾರಾಯ್ರೆ. ಕೊನೇದು ಸ್ವಲ್ಪ ಕಟ್ ಆಯ್ತು. ಇನ್ನೊಮ್ಮೆ ಹೇಳ್ತೀರಾ?"

ಅವನ ಬೆನ್ನ ಹಿಂದಿನಿಂದ ರಮಿತಾ ಇಣುಕಿದಳು. ಇನ್ನೊಂದು ಯಂತ್ರ ಅವಳ ಕಿವಿಯಲ್ಲೇ ಇತ್ತಲ್ಲ!

"ಟೀಚರ್, ಮೈನೆ ಭೀ ಸುನಾ! ಏಕ್‌ದಮ್ ಕ್ಲಿಯರ್!"

ಅಶ್ಮಿತಾ ಅಳುತ್ತಲೇ ನಕ್ಕಳು. ಮೈಕ್ ಆರಿಸಲಿಲ್ಲ. ತುಟಿಯ ಹತ್ತಿರ ತಂದಳು.

"ಮುಂದಿನ ಮಂಗಳವಾರವೂ ನೀವೇ ಬನ್ನಿ."

"ಮಂಗಳವಾರ ಮಾತ್ರ ಸಾಕಾ?"

"ನಂಗೆ ಸುಸ್ತಾಗೋದು ದಿನಾ ಅಲ್ವಾ..."