ನೀಲಿಯ ಹಠ

"ನೀಲಿನೇ ಬಳೀಲಿ. ನಾನಿರೋವರೆಗೂ ಈ ಕೋಣೆಗೆ ಹಳದಿ ಬೇಡ," ಎಂದು ಅತ್ತೆ ಮಂಚದ ಮೇಲಿಂದಲೇ ತೀರ್ಪು ಕೊಟ್ಟುಬಿಟ್ಟರು.

ಸೊಸೆ ಬಾಗಿಲಿಗೂ ಹೊಲಿಗೆ ಯಂತ್ರಕ್ಕೂ ನಡುವೆ ನಾಲ್ಕನೆಯ ಸಲ ಓಡಾಡಿದಳು. ಪೇಂಟರ್ ಬೆಳಿಗ್ಗೆ ಬಂದು ಬಿಳಿಗೋಡೆಯ ಮೇಲೆ ಎರಡು ಚೌಕ ಬಳಿದು ಹೋಗಿದ್ದ. ಕಿಟಕಿಯ ಪಕ್ಕ ತಿಳಿಹಳದಿ, ಸ್ವಿಚ್ಚಿನ ಸುತ್ತ ಕಡುನೀಲಿ. "ಬೆಳಗಿನ ಬೆಳಕಲ್ಲೂ ನೋಡಿ, ಇಳಿಹೊತ್ತಲ್ಲೂ ನೋಡಿ. ನಾಲ್ಕಕ್ಕೆ ಬರ್ತೀನಿ," ಎಂದಿದ್ದ. ನೋಡುವುದೇನಿತ್ತು? ಈ ಕೋಣೆಯಲ್ಲೇ ಅವಳ ಹೊಲಿಗೆ, ಇಲ್ಲೇ ಅತ್ತೆಯ ಮಂಚ. ಅದೂ ಇರುವ ಒಂದೇ ಕಿಟಕಿಗೆ ಅಂಟಿಕೊಂಡು! ಹಳದಿ ಬಂದರೆ ಮೂಲೆಯ ಯಂತ್ರಕ್ಕೂ ಒಂದಿಷ್ಟು ಬೆಳಕು ಸಿಕ್ಕೀತು ಎಂದು ಏಳು ವರ್ಷ ಬಾಯಿ ಮುಚ್ಚಿಕೊಂಡು ಕಾದಿದ್ದಳು...

"ನೀಲಿ ಬಳಿದ್ರೆ ಗುಹೆ ಆಗತ್ತೆ ಅತ್ತೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹೇಗೆ ಹೊಲೀಲಿ ನಾನು?"

"ದೀಪ ಹಾಕ್ಕೋ."

ಗಾಯದ ಮೇಲೆ ಬರೆ ಎಳೆದಂತಾಯಿತು. ಅವಳು ಕೂತಳು, ಎದ್ದಳು, ಮತ್ತೆ ಕೂತಳು.

ಮೂರೂವರೆಗೆ ಅತ್ತೆ ಮಂಚದಿಂದಿಳಿದರು. ನೀಲಿ ಚೌಕದ ನಡುವಿನ ಬಿಳಿ ಸ್ವಿಚ್ಚಿಗೆ ಅವರ ಬೆರಳು ನೆಟ್ಟಗೆ ಹೋಯಿತು. ಆದರೆ ಬಿಳಿಗೋಡೆಯಲ್ಲಿ ಬಿಳಿ ಬಾಗಿಲು ಸಿಗಲೇ ಇಲ್ಲ. ಅಂಗೈ ಗೋಡೆಯನ್ನು ಸವರುತ್ತ ಸವರುತ್ತ ಹೋಗಿ ಕೊನೆಗೆ ಚಿಲಕಕ್ಕೆ ತಗಲಿತು. ಸ್ವಿಚ್ಚಿನ ಸುತ್ತ ಬೆರಳ ಕೊಳೆ ಎಂದು ತಾನು ತಿಂಗಳುಗಟ್ಟಲೆ ಗೊಣಗಿದ್ದು ಸೊಸೆಗೆ ನೆನಪಾಯಿತು.

"ಅತ್ತೆ... ಯಾವಾಗಿಂದ ಹೀಗೆ?"

ಅತ್ತೆ ಕೈ ಹಿಂದಕ್ಕೆಳೆದುಕೊಂಡರು. "ವರ್ಷ ಆಯ್ತು. ಹೋದ ಕಣ್ಣು ಮರಳಿ ಬರಲ್ಲ ಅಂದ್ರು ಡಾಕ್ಟರು. ನನ್ನ ಮಗನಿಗೆ ಹೇಳಬೇಡ. ಗೊತ್ತಾದ್ರೆ ಎದ್ದು ನಿಲ್ಲೋಕೂ ಬಿಡಲ್ಲ ಅವನು. ಬಾಗಿಲು ನಾನೇ ಹುಡುಕ್ಕೋಬೇಕು ಕಣೇ."

"ನನಗಾದ್ರೂ ಹೇಳಬಾರದಿತ್ತಾ?"

"ಏಳು ವರ್ಷ ನಿನ್ನನ್ನ ಚುಚ್ಚಿ ಮಾತಾಡಿದೋಳು... ಯಾವ ಬಾಯಲ್ಲಿ ಹೇಳ್ಲಿ?"

ಅಷ್ಟರಲ್ಲಿ ಪೇಂಟರ್ ಬಂದ.

"ಯಾವುದಮ್ಮಾ?"

"ನೀಲಿ. ಬಾಗಿಲು ಮಾತ್ರ ಬಿಳೀನೇ ಇರಲಿ," ಎಂದಳು. ಹಳದಿಯ ಕಡೆ ತಿರುಗಿ ನೋಡಲಿಲ್ಲ.

ಅವನು ಡಬ್ಬ ತರಲು ಹೋದ. ಹಿಂದೆ ಏನೋ ಕರಕರ ಸದ್ದು. ಅತ್ತೆ ಎರಡೂ ಕೈಯಿಂದ ಮಂಚವನ್ನು ಕಿಟಕಿಯಿಂದ ಈಚೆಗೆ ಎಳೆಯುತ್ತಿದ್ದರು.

"ನನಗಿನ್ನು ಕಿಟಕಿ ಯಾಕೆ? ನಿನ್ನ ಮಷಿನ್ ಇಲ್ಲಿಗೆ ಬರಲಿ. ಕಂಬದ ಹಾಗೆ ನಿಂತಿದ್ದೀಯಲ್ಲ, ಹಿಡ್ಕೋ ಆ ಕಡೆ."

ಸೊಸೆ ಕಣ್ಣೊರೆಸಿಕೊಂಡು ಮಂಚದ ಇನ್ನೊಂದು ತುದಿ ಹಿಡಿದಳು.