ಬಂದೆ ಅಂತ ಹೇಳಲು ಒಬ್ಬರು

"ಐದು ಗಂಟೆಗೆ ವಾಪಸ್ ಅಂತ ಬರೆದಿದ್ದೀರಿ. ಈಗ ಐದೂ ಮುಕ್ಕಾಲು!"

ದೋಣಿ ಜೆಟ್ಟಿಗೆ ತಾಗುವ ಮೊದಲೇ ಬೈಗುಳ ಶುರುವಾಗಿತ್ತು. ಬೈಯುತ್ತಿದ್ದವನು ಲಿಫ್ಟ್ ಮೆಕ್ಯಾನಿಕ್. ಆ ಪುಟ್ಟ ಹಾಯಿದೋಣಿಯನ್ನು ವಾರಕ್ಕೆ ತಲಾ ಒಂದು ದಿನ ನಡೆಸುವ ನಾಲ್ವರು ಪಾಲುದಾರರಲ್ಲಿ ಗುರುವಾರದವನು. ಬೈಸಿಕೊಂಡವಳು ಬುಧವಾರದವಳು, ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಎರಡು ವರ್ಷದಿಂದ ಒಂದೇ ದೋಣಿ ನಡೆಸುತ್ತಿದ್ದರೂ ಇಬ್ಬರೂ ಎದುರುಬದುರಾದದ್ದು ಅಂದೇ. ಸವೆದ ಹಗ್ಗ ಬದಲಾಯಿಸಲೆಂದು ಅವನು ಒಂದು ದಿನ ಮುಂಚೆ ಬಂದಿದ್ದ.

"ಗಾಳಿ ಬಿದ್ದುಹೋಯ್ತು. ಹುಟ್ಟು ಹಾಕ್ಕೊಂಡು ಬಂದೆ. ಚಿಕ್ಕಮ್ಮನ ಸಮಾಚಾರ ನಿಮಗೆ ಗೊತ್ತಲ್ಲ."

ಚಿಕ್ಕಮ್ಮ ಎಂದರೆ ದೋಣಿ. ಯಾವಾಗ ಮುನಿಯುತ್ತಾಳೆ, ಯಾವಾಗ ಮುದ್ದು ಮಾಡುತ್ತಾಳೆ ಹೇಳಲಾಗದೆಂದು ಪಾಲುದಾರರೇ ಇಟ್ಟ ಹೆಸರು.

ಅವನ ತುಟಿಗೆ ಬಂದ ನಗು ಅಲ್ಲೇ ನಿಂತಿತು. ಬೊಬ್ಬೆ ಎದ್ದ ಅವಳ ಅಂಗೈ ನೋಡಿದ. "ಪುಸ್ತಕದಲ್ಲಿದ್ದ ನಂಬರಿಗೆ ಆರು ಸಲ ಫೋನ್ ಮಾಡಿದೆ. ನಿಮ್ಮ ಮನೇಲಿ ಯಾರೂ ಎತ್ತೋದೇ ಇಲ್ವಾ?"

"ಮನೇಲಿ ಯಾರೂ ಇಲ್ಲ," ಎಂದಳು. "ನಾನೊಬ್ಬಳೇ."

ಅವನು ಬಾಗಿ ಅವಳ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ದೋಣಿ ಕಟ್ಟಿದ.

ದೋಣಿಗಳು ತಂಗುವ ಆ ಮರೀನಾದಲ್ಲಿ ಒಂದು ನಿಯಮವಿತ್ತು. ಹೊರಡುವ ಮುಂಚೆ ವಾಪಸಾಗುವ ಹೊತ್ತನ್ನೂ ದಡದಲ್ಲಿ ಕಾಯುವವರ ನಂಬರನ್ನೂ ಪುಸ್ತಕದಲ್ಲಿ ಬರೆಯಬೇಕು. ತಿರುಗಿ ಬಂದ ಕೂಡಲೇ ಅವರಿಗೆ "ಬಂದೆ" ಎಂದು ತಿಳಿಸಬೇಕು. ಹೊತ್ತು ಮೀರಿದರೆ ಅವರು ಆಫೀಸಿಗೆ ಹೇಳುತ್ತಾರೆ, ಆಫೀಸಿನವರು ಹುಡುಕಲು ಹೊರಡುತ್ತಾರೆ. ಗಾಳಿ ನೋಡುವುದು, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವುದು, ಎಲ್ಲವನ್ನೂ ಅವಳು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಆ ಒಂದು ಖಾನೆಯಲ್ಲಿ ಮಾತ್ರ ಎರಡು ವರ್ಷದಿಂದ ತನ್ನದೇ ಖಾಲಿ ಮನೆಯ ನಂಬರು ಬರೆಯುತ್ತಿದ್ದಳು.

ಗಲಾಟೆ ಕೇಳಿ ಹೊರಬಂದ ಆಫೀಸಿನ ಮೇಡಂ ಖಡಾಖಂಡಿತವಾಗಿ ಹೇಳಿದರು. "ಮುಂದಿನ ಬುಧವಾರದೊಳಗೆ ಫೋನ್ ಎತ್ತೋರ ನಂಬರ್ ಕೊಡಿ. ಇಲ್ಲಾಂದ್ರೆ ನಿಮ್ಮನ್ನ ಒಬ್ಬರನ್ನೇ ಕಳಿಸೋ ಹಾಗಿಲ್ಲ."

ಆ ವಾರ ಅವಳು ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದಳು. ಅತ್ತಿಗೆಯನ್ನು ಕೇಳಿದಳು. "ಅಯ್ಯೋ, ಬುಧವಾರ ಮಕ್ಕಳ ಟ್ಯೂಷನ್ ಕಣಮ್ಮ. ನಿನಗ್ಯಾಕೆ ಬೇಕಿತ್ತು ಈ ದೋಣಿ ಗೀಣಿ?" ಲ್ಯಾಬಿನ ಯಜಮಾನರನ್ನು ಕೇಳಲು ಬಾಯಿಯೇ ಬರಲಿಲ್ಲ. ಊರಿಗೆಲ್ಲ ಹಲ್ಲು ಮಾಡಿಕೊಟ್ಟೆ, ನನ್ನ ಕಂಡು ನಗುವವರು ಒಬ್ಬರೂ ಇಲ್ಲ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳಹೋಗಿ ಅತ್ತುಬಿಟ್ಟಳು. ವಾರದಲ್ಲಿ ದೋಣಿಯಲ್ಲಿ ಕಳೆಯುವ ಆ ನಾಲ್ಕು ಗಂಟೆ ಮಾತ್ರ ಒಂಟಿತನ ಅವಳನ್ನು ಹಿಂಡುತ್ತಿರಲಿಲ್ಲ. ಈಗ ಅದೂ ಕೈತಪ್ಪುತ್ತಿತ್ತು.

ಬುಧವಾರ ದೋಣಿಯ ಬೀಗದ ಕೈ ಒಪ್ಪಿಸಲೆಂದೇ ಹೋದಳು.

"ಇದ್ಯಾಕೆ ಕೊಡ್ತೀರಿ? ನಿಮ್ಮ ನಂಬರ್ ಬಂದಿದೆಯಲ್ಲ," ಎಂದು ಮೇಡಂ ಪುಸ್ತಕ ತಳ್ಳಿದರು. "ಫೋನ್ ಮಾಡಿ ನೋಡಿದೆ. ಮೊದಲನೇ ರಿಂಗಿಗೇ ಎತ್ತಿದ್ರು."

ಅಕ್ಷರ ಅವಳಿಗೆ ಗೊತ್ತಿತ್ತು. "ಎಡಗಡೆ ಹಗ್ಗ ಸವೆದಿದೆ, ಜೋಪಾನ" ಎಂದು ಅವನು ದೋಣಿಯಲ್ಲಿ ಬಿಟ್ಟುಹೋಗುತ್ತಿದ್ದ ಚೀಟಿಗಳ ಅಕ್ಷರವೇ ಅದು. ಆ "ಜೋಪಾನ"ವನ್ನು ಅವಳು ಯಾವಾಗಲೂ ಎರಡೆರಡು ಸಲ ಓದುತ್ತಿದ್ದಳು. ಸಂಬಂಧ ಎಂಬಲ್ಲಿ "ಗುರುವಾರದವನು" ಎಂದು ಬರೆದಿದ್ದ.

ಅಂದು ಗಾಳಿ ಚೆನ್ನಾಗಿತ್ತು. ಆದರೂ ಅವಳು ಹೊತ್ತಿಗೆ ಮುಂಚೆಯೇ ಹಾಯಿ ಇಳಿಸಿ, ದೋಣಿ ಕಟ್ಟಿ, ಫೋನ್ ಮಾಡಿದಳು.

"ಬಂದೆ," ಎಂದಳು. ಆ ಮಾತು ಯಾರಿಗಾದರೂ ಹೇಳಿ ಎಷ್ಟು ವರ್ಷವಾಗಿತ್ತೋ.

"ಹತ್ತು ನಿಮಿಷ ಮುಂಚೇನೇ! ಚಿಕ್ಕಮ್ಮ ಒಳ್ಳೇ ಮೂಡಲ್ಲಿದ್ರಾ?"

"ಇದ್ರು. ನೀವೆಲ್ಲಿದ್ದೀರಿ?"

"ಟೆರೇಸಲ್ಲಿ. ಲಿಫ್ಟ್ ಒಳಗೆ ಸಿಗ್ನಲ್ ಸಿಗಲ್ಲ ನೋಡಿ, ರಿಪೇರಿ ನಿಲ್ಲಿಸಿ ಮೇಲೆ ಬಂದೆ. ಹನ್ನೊಂದು ಮಹಡಿ ಜನ ಮೆಟ್ಟಿಲು ಹತ್ತಿಕೊಂಡು ನನಗೆ ಶಾಪ ಹಾಕ್ತಿದ್ದಾರೆ."

ಅವಳು ನಕ್ಕಳು. ನಗುತ್ತಲೇ ಕೇಳಿದಳು, "ಗುರುವಾರ ನಿಮ್ಮ ಖಾನೆಯಲ್ಲಿ ಯಾರಿದ್ದಾರೆ?"

ಅವನು ಮೆಲ್ಲಗೆ ಹೇಳಿದ, "ಅಮ್ಮ. ಅವರು ಹೋಗಿ ಎರಡು ವರ್ಷ ಆಯ್ತು. ಅದೇ ನಂಬರ್ ಬರೀತಾ ಬಂದಿದ್ದೀನಿ. ನಿಮ್ಮ ಹಾಗೆ ತಡ ಮಾಡಿ ಸಿಕ್ಕಿಬಿದ್ದಿಲ್ಲ, ಅಷ್ಟೆ."

"ಮತ್ತೆ ನನ್ನನ್ನ ಅಷ್ಟೊಂದು ಬೈದಿರಲ್ಲ!"

"ಹೆದರಿಕೆಗೆ ಬೈದೆ ಕಣ್ರೀ. ನೀವು ಸುತ್ತಿಟ್ಟ ಹಗ್ಗಾನ ವಾರ ವಾರ ನಾನೇ ಬಿಚ್ಚೋದು. ಬುಧವಾರದವಳು ಬರದೇ ಹೋದ್ರೆ ನನ್ನ ಗುರುವಾರ ಏನು ಮಾಡಲಿ ಅನ್ನಿಸಿಬಿಡ್ತು."

ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಆಫೀಸಿಗೆ ಹೋಗಿ ಗುರುವಾರದ ಸಾಲು ಹುಡುಕಿ, ಅವನ ತಾಯಿಯ ನಂಬರನ್ನು ಹೊಡೆದುಹಾಕದೆ, ಅದರ ಪಕ್ಕದಲ್ಲೇ ತನ್ನ ಮೊಬೈಲ್ ನಂಬರು ಬರೆದಳು.

ಮರುದಿನ ಲ್ಯಾಬಿನಲ್ಲಿ ಪ್ಲಾಸ್ಟರ್ ಅಚ್ಚುಗಳ ನಡುವೆ ಫೋನ್ ಇಟ್ಟುಕೊಂಡು ಕಾದಳು; ಅವನು ವಾಪಸಾಗಬೇಕಾದ ಹೊತ್ತು ಐದು. ಐದಾಯಿತು. ಫೋನ್ ಸುಮ್ಮನಿತ್ತು. ಐದೂ ಐದಾಯಿತು. ಎದ್ದು ನಿಂತು ಏಪ್ರನ್ ಬಿಚ್ಚಿದಳು, ಆಫೀಸಿನ ನಂಬರು ಒತ್ತತೊಡಗಿದಳು. ಆಗ ರಿಂಗಾಯಿತು.

"ಬಂದೆ," ಎಂದ.

"ಏಳು ನಿಮಿಷ ಲೇಟು! ಇಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು, ಗೊತ್ತಾ?"

"ಇನ್ನೂ ಬೈಯಿರಿ," ಎಂದ ಅವನು. "ಲೇಟಾಯ್ತು ಅಂತ ನನ್ನನ್ನ ಬೈಯೋರು ಇಲ್ಲದೆ ಎರಡು ವರ್ಷ ಆಯ್ತು."

ಅವಳು ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಕೂತು, ಬೈಯಲು ಶುರುಮಾಡಿದಳು.